ನಾನು ‘ಜವಳು’ ಎಂದು ಕೂಗಿದ ಮಳೆಗಾಲ

ಹೋದ ಶ್ರಾವಣದಲ್ಲಿ ತಮ್ಮನ ಮೊಮ್ಮಗನ ಜವಳಕ್ಕೆಂದು, ಅಂದರೆ ಮೊದಲ ಸಲ ಕೂದಲು ತೆಗೆಸುವ ಕಾರ್ಯಕ್ಕೆಂದು, ನಾಸಿಕದಿಂದ ಸಂಭಾಜಿನಗರಕ್ಕೆ ಹೋಗಿದ್ದೆ. ನಾನು ಬಲ್ಲಾಗ ಅದು ಔರಂಗಾಬಾದ್. ನಾಸಿಕದ ಅಂಬಡ್ ಬಡಾವಣೆಯ ನಮ್ಮ ಮನೆಯಿಂದ ನಾಲ್ಕೈದು ತಾಸಿನ ದಾರಿ. ಆದರೂ ಏನಾದರೊಂದು ನೆವ ಹೇಳಿ ಆ ಊರನ್ನು ಐವತ್ತು ವರ್ಷ ತಪ್ಪಿಸಿಕೊಂಡು ಬಂದಿದ್ದೆ. ಈ ಸಲ ತಮ್ಮ ಬಿಡಲಿಲ್ಲ. ಕಾರ್ಯಕ್ರಮದ ಹಾಲ್ ಇರುವುದು ಚಿಕಲಠಾಣಾದಲ್ಲಿ, ವಿಮಾನ ನಿಲ್ದಾಣದ ಕಡೆ ಎಂದು ಕಾರು ಹತ್ತಿದ ಮೇಲೆ ಹೇಳಿದ. ಮೊದಲೇ ಹೇಳಿದ್ದರೆ ನನಗೆ ಅವತ್ತು ಬೆನ್ನುನೋವು ಬಂದೇ ಬರುತ್ತಿತ್ತು.

ಮಗು ಕತ್ತರಿ ಕಂಡು ಹೆದರಿ ಹಾಲ್ ತುಂಬ ಓಡಾಡಿತು. ಅದರ ತಾಯಿ ಆ ಊರಲ್ಲೇ ಹುಟ್ಟಿ ಬೆಳೆದ ಹುಡುಗಿ. ಎರಡೂ ಕೈ ಚಾಚಿ, “ಜವಳ್ ಯೇ ರೇ ರಾಜಾ, ಜವಳ್ ಯೇ” ಎಂದು ಮರಾಠಿಯಲ್ಲಿ ಕರೆದಳು. ಹತ್ತಿರ ಬಾ ಎಂದು. ಮಗು ನೇರ ಓಡಿ ಹೋಗಿ ಅವಳ ಮಡಿಲಿಗೆ ಬಿತ್ತು. ಎಲ್ಲರೂ ನಕ್ಕರು. ನಾನು ಊಟದ ತಾಟನ್ನು ಕುರ್ಚಿಯ ಮೇಲಿಟ್ಟು ಹೊರಗೆ ಬಂದೆ.

ತಮ್ಮ ಹಿಂದೆಯೇ ಬಂದ. “ಅಣ್ಣಾ, ಯಾಕ ಎದ್ದಿ? ಇನ್ನಾ ಅದೇ ಏನು?”

ಹೂಂ ಎಂದೆ. ಅವನು ನನ್ನ ಹೆಗಲು ತಟ್ಟಿ ಒಳಗೆ ಹೋದ.

ಅದೇ ಎಂದರೆ ಒಂದು ಶಬ್ದ. ಮರಾಠಿಯಲ್ಲಿ ಜವಳ್ ಎಂದರೆ ಹತ್ತಿರ. ಕಂಡಕ್ಟರ್ ಹೇಳುತ್ತಾನೆ, ತರಕಾರಿಯವಳು ಹೇಳುತ್ತಾಳೆ, ಕಣ್ಣಿನ ಡಾಕ್ಟರು ದೀಪ ಹಿಡಿದು ಇನ್ನೂ ಸ್ವಲ್ಪ ಜವಳ್ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಬದುಕುವವನಿಗೆ ಆ ಮಾತು ಕೇಳದೆ ಒಂದು ದಿನ ಕಳೆಯುವುದು ಸಾಧ್ಯವಿಲ್ಲ. ಬೇರೆಲ್ಲಾದರೂ ಹೋಗಿ ಇರಬಹುದಿತ್ತಲ್ಲ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಇರಬಹುದಿತ್ತು. ಇರಲಿಲ್ಲ.

ನಮ್ಮೂರು ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಮೇಲಿದೆ. ಅಲ್ಲಿ ಒದ್ದೆ ನೆಲಕ್ಕೆ ಹೆಸರುಗಳ ಬರವಿಲ್ಲ. ಕಾಲಿಗೆ ಮೆತ್ತಿಕೊಂಡು ಮನೆಯೊಳಗೆ ಬಂದು ಹೆಂಗಸರಿಂದ ಬೈಸುವುದು ರಾಡಿ. ಕಾಲು ಹೂತು, ಚಪ್ಪಲಿ ಒಳಗೇ ಉಳಿದರೆ ಅದು ಹುದಲು. ಜವಳು ಬೇರೆ. ಜವಳು ನೆಲ ಮೇಲೆ ನೋಡಿದರೆ ಒಣಗಿದಂತೆಯೇ ಇರುತ್ತದೆ, ಬಿಸಿಲಿಗೆ ಹಪ್ಪಳದಷ್ಟು ತೆಳ್ಳಗೆ ಗಟ್ಟಿಯಾಗಿ ಸಣ್ಣ ಬಿರುಕೂ ಬಿಟ್ಟಿರುತ್ತದೆ. ನೀರು ಇರುವುದು ಅದರ ಅಡಿಯಲ್ಲಿ. ರಾಡಿಗೆ ಯಾರೂ ಮೋಸ ಹೋಗುವುದಿಲ್ಲ, ಜವಳಿಗೆ ಎತ್ತು ಕೂಡ ಮೋಸ ಹೋಗುತ್ತದೆ. ಹುಡುಗರಾಗಿದ್ದಾಗ ನಾವು ಹೊಳೆಗೆ ಸಾಲಾಗಿ ಹೋಗುತ್ತಿದ್ದೆವು. ಮುಂದಿದ್ದವನ ಕಾಲು ಕುಸಿದರೆ ಅವನು “ಜವಳ! ಜವಳ!” ಎಂದು ಕೂಗಬೇಕು. ಆಡುಮಾತಿನಲ್ಲಿ ಕೊನೆಯ ಉಕಾರ ನುಂಗಿಹೋಗುತ್ತದೆ. ಕೂಗು ಕಿವಿಗೆ ಬಿದ್ದ ಕೂಡಲೇ ಹಿಂದಿನವರು ಎತ್ತಿದ ಕಾಲನ್ನು ಅಲ್ಲೇ ಇಳಿಸಿ ನಿಲ್ಲಬೇಕು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಬೆಂಕಿ ಮುಟ್ಟಬಾರದು ಎಂಬ ಬುದ್ಧಿ ಬಂದ ಹಾಗೆ ಅದೂ ಬಂದಿತ್ತು.

ಎಪ್ಪತ್ತೆರಡರ ಬರಕ್ಕೆ ಎರಡು ವರ್ಷ ಮುಂಚಿನ ಮಳೆಗಾಲ. ನನಗೆ ಇಪ್ಪತ್ತಮೂರು. ಮೋಜಣಿ ಕೆಲಸ, ಅಂದರೆ ಹೊಲ ಅಳೆದು ಗಡಿ ಗುರುತು ಮಾಡುವ ಕೆಲಸ ಕಲಿತಿದ್ದೆ. ಔರಂಗಾಬಾದಿನಲ್ಲಿ ಒಬ್ಬ ಖಾಸಗಿ ಮೋಜಣಿದಾರರ ಕೈಕೆಳಗೆ ಕೆಲಸ ಸಿಕ್ಕಿತು. ಚಿಕಲಠಾಣಾದಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅದರ ಆಚೆಯ ಹೊಲಗಳನ್ನು ಉಳ್ಳವರು ಕೊಂಡು ಪ್ಲಾಟು ಮಾಡಿಸುತ್ತಿದ್ದರು. ಚಿಖಲ್ ಎಂದರೆ ಮರಾಠಿಯಲ್ಲಿ ಕೆಸರು. ಊರಿನ ಹೆಸರಿಗೆ ತಿಳಿದವರು ಬೇರೆ ಮೂಲ ಹೇಳಬಹುದು, ಆ ಆಷಾಢದಲ್ಲಿ ಅಲ್ಲಿ ನಡೆದಾಡಿದವರಿಗೆ ಬೇರೆ ಮೂಲ ಬೇಕಾಗಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿತ್ತು. ನನಗೆ ಕೈ, ಕಾಲು, ಮೀಸೆ ಎಲ್ಲವೂ ಕೆಸರಾಗಿತ್ತು. ಮೊಸರು ಮಾತ್ರ ಭಾನುವಾರಕ್ಕೊಮ್ಮೆ, ಪೇಟೆಯಲ್ಲಿ ಹೋಟೆಲ್ ಇಟ್ಟಿದ್ದ ಕುಂದಾಪುರದ ಕಡೆಯ ಐತಾಳರಲ್ಲಿ.

ನಾನು ಇದ್ದದ್ದು ಕಿಸನ್‌ನ ಮನೆಯ ಮುಂದಿನ ಖೋಲಿಯಲ್ಲಿ. ಕಿಸನ್ ನನ್ನ ಜೊತೆ ಕೆಲಸ ಮಾಡುವವನು, ನನಗಿಂತ ಎರಡು ವರ್ಷ ದೊಡ್ಡವನು. ತಂದೆ ಇರಲಿಲ್ಲ. ತಾಯಿ ಹೊಲಗೆಲಸ ಮಾಡಿ ಒಬ್ಬನೇ ಮಗನನ್ನು ಬೆಳೆಸಿದ್ದಳು. ಓಣಿಯವರೆಲ್ಲ ಅವಳನ್ನು ಮಾವಶಿ, ಚಿಕ್ಕಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಾವಶಿ ಬಡಿಯುತ್ತಿದ್ದ ಜೋಳದ ಭಾಕರಿಗೂ ನಮ್ಮವ್ವನ ರೊಟ್ಟಿಗೂ ಹೆಸರೊಂದು ಬಿಟ್ಟರೆ ವ್ಯತ್ಯಾಸವಿರಲಿಲ್ಲ. ಮೊದಲ ತಿಂಗಳು ನನ್ನ ಮರಾಠಿ ಕೇಳಿ ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಕಿಸನ್ ಮಾತ್ರ ನಗುತ್ತಿರಲಿಲ್ಲ, ತಿದ್ದುತ್ತಿದ್ದ. ಬದಲಿಗೆ ತನಗೆ ಕನ್ನಡ ಕಲಿಸು ಎಂದು ಗಂಟುಬಿದ್ದ. ನಾನು ಕಲಿಸಿದ್ದು ನೀರು, ರೊಟ್ಟಿ, ಊಟ ಆಯ್ತೇನು, ಮತ್ತೆ ಏಳೆಂಟು ಬೈಗುಳ. ಬೈಗುಳಗಳನ್ನು ಅವನು ಬಹಳ ಮರ್ಯಾದೆಯಿಂದ, ಕೊನೆಗೆ ‘ರಿ’ ಹಚ್ಚಿ ಹೇಳುತ್ತಿದ್ದ. ನಗುನಗುತ್ತಲೇ ಹೊತ್ತು ಹೋಯಿತು. ಬೇಕಾದ ಒಂದು ಮಾತು ಕಲಿಸಲಿಲ್ಲ.

ಕೆಲಸದಲ್ಲಿ ನಮ್ಮಿಬ್ಬರ ನಡುವೆ ಹೊಲ ಅಳೆಯುವ ಒಂದು ಉದ್ದ ಸರಪಳಿ. ನಾನು ಒಂದು ತುದಿ, ಅವನು ಇನ್ನೊಂದು ತುದಿ. ದೂರದಿಂದ ಕೂಗಿ ಹೇಳಬೇಕಾದ ಮಾತುಗಳು ಮೂರೇ. ಲಾಂಬ್ ಎಂದರೆ ಇನ್ನೂ ದೂರ ಹೋಗು. ಜವಳ್ ಎಂದರೆ ಈ ಕಡೆ, ಹತ್ತಿರ ಬಾ. ಬಸ್ ಎಂದರೆ ಸಾಕು, ಗೂಟ ಹೊಡೆ. ನಾನು ಮರಾಠಿಯಲ್ಲಿ ಮೊದಲು ಕಲಿತ ಮೂರು ಶಬ್ದ ಇವೇ. ಕಿಸನ್‌ಗೆ ಅವನ್ನು ಕೇಳಿ ಕೇಳಿ ಎಂಥ ಅಭ್ಯಾಸವಾಗಿತ್ತೆಂದರೆ ಜವಳ್ ಎಂದ ಕೂಡಲೇ, ನೋಡದೆ, ಕೇಳದೆ, ಹೆಜ್ಜೆ ನನ್ನ ಕಡೆ ಬೀಳುತ್ತಿತ್ತು.

ಆ ವರ್ಷ ಆಷಾಢ ಪೂರ್ತಿ ಹಿಡಿದ ಮಳೆ ಬಿಡಲಿಲ್ಲ. ಎರೆಮಣ್ಣು ಬೂಟಿಗೆ ಹತ್ತಿ ಒಂದೊಂದು ಕಾಲೂ ಒಂದೊಂದು ಮಣವಾಗುತ್ತಿತ್ತು. ಗೂಟ ಹೊಡೆದರೆ ಮರುದಿನ ವಾಲಿರುತ್ತಿತ್ತು. ನಮ್ಮ ಸಾಹೇಬರು ಪೇಟೆಯಿಂದ ದಿನಾ ಒಂದು ಚೀಟಿ ಕಳಿಸುತ್ತಿದ್ದರು: ಪ್ಲಾಟಿನ ಮಾಲೀಕರಿಗೆ ಅವಸರವಿದೆ. ಮಾಲೀಕರಿಗೆ ಅವಸರ, ಆಕಾಶಕ್ಕೆ ಇಲ್ಲ. ನಾವು ಖೋಲಿಯಲ್ಲಿ ಕೂತು ಸರಪಳಿಗೆ ಎಣ್ಣೆ ಹಚ್ಚಿದೆವು. ಮಾವಶಿಯ ಗೋಡೆ ಒಂದು ಕಡೆ ಕುಸಿಯಿತು, ಕಟ್ಟಿಕೊಟ್ಟೆವು. ಒಣಗದ ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಕೂತುಬಿಟ್ಟಿತ್ತು. ಊರಿಗೆ ಹೋಗಿಬಿಡೋಣ ಎಂದು ನನಗೆ ದಿನಾ ಅನ್ನಿಸುತ್ತಿತ್ತು, ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಶ್ರಾವಣ ಹುಟ್ಟಿದ ಮೇಲೆ ಮೂರು ದಿನ ಬಿಸಿಲು ಬಿತ್ತು. ಮೂರನೆಯ ದಿನ ಬೆಳಗ್ಗೆ ನಾವಿಬ್ಬರೂ ಕಡೆಯ ಹೊಲಕ್ಕೆ ಹೋದೆವು. ನೆಲ ಮೇಲೆ ಒಣಗಿತ್ತು, ಸಣ್ಣ ಹುಲ್ಲು ಬಂದಿತ್ತು. ಕಿಸನ್ ಬದುವಿನ ಮೇಲೆ ಸರಪಳಿಯ ಒಂದು ತುದಿ ಹಿಡಿದು ನಿಂತ. ನಾನು ಇನ್ನೊಂದು ತುದಿ ಎಳೆಯುತ್ತ ಹೊಲದ ನಡುವೆ ನಡೆದೆ. ಸರಪಳಿ ಬಿಗಿಯಾಗುವುದಕ್ಕೆ ಇನ್ನೇನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ನನ್ನ ಬಲಗಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಹಿಂದೆಯೇ ಎಡಗಾಲು. ಹೇಗೋ ಮುಂದಕ್ಕೆ ಬೋರಲು ಬಿದ್ದು, ಎದುರಿನ ಹುಲ್ಲು ಹಿಡಿದು, ಹೊಟ್ಟೆ ಎಳೆಯುತ್ತ ಗಟ್ಟಿ ನೆಲಕ್ಕೆ ಬಂದೆ. ತಿರುಗಿ ನೋಡಿದರೆ ನಾನು ದಾಟಿದ ಜಾಗ ಹಿಟ್ಟಿನ ಹಾಗೆ ಅಲುಗುತ್ತಿತ್ತು. ಅದೊಂದು ಹಳೆಯ ಬಾವಿ. ಹೊಲ ಮಾರುವಾಗ ಯಾರೋ ಸಡಿಲು ಮಣ್ಣು ತುಂಬಿ ಮುಚ್ಚಿದ್ದರು ಎಂದು ಆಮೇಲೆ ತಿಳಿಯಿತು. ನಾನು ಆಚೆ, ಕಿಸನ್ ಈಚೆ, ನಡುವೆ ಅದು.

ಅವನು ನಾನು ಬಿದ್ದದ್ದನ್ನು ನೋಡಿದ್ದ. ಸರಪಳಿ ಕೈಬಿಟ್ಟು ಬದುವಿನಿಂದ ಇಳಿದಿದ್ದ. ನಾನು ಮೊಣಕಾಲೂರಿ, ಎರಡೂ ಕೈ ಎತ್ತಿ, ಎದೆ ಹರಿಯುವಂತೆ ಕೂಗಿದೆ.

“ಜವಳ! ಕಿಸನ್, ಜವಳ! ಜವಳ!”

ಗಾಬರಿಯಲ್ಲಿ ಬಾಯಿಗೆ ಬರುವುದು ಹಡೆದವ್ವನ ಮಾತು. ನಾನು ಭೀಮಾ ದಂಡೆಯ ಹುಡುಗನಾಗಿ ಕೂಗಿದೆ. ಅವನು ದಿನಾ ಕೇಳುವ ಮಾತನ್ನೇ ಕೇಳಿದ. ಓಡಿ ಬಂದ. ನಾನು ಮತ್ತೆ ಕೂಗಿದೆ, ಅವನು ಇನ್ನೂ ಜೋರಾಗಿ ಓಡಿದ. ಬೇಡ ಎನ್ನುವುದಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಗಳಿಗೆಯಲ್ಲಿ ಅದು ಹೊಳೆದದ್ದು ಅವನು ಸೊಂಟದವರೆಗೆ ಹೋದ ಮೇಲೆ.

ಮುಂದಿನದನ್ನು ಹೆಚ್ಚು ಬರೆಯಲಾರೆ. ಸರಪಳಿ ಎಸೆದೆ, ಹಿಡಿದ. ಜವಳಿನಲ್ಲಿ ಸಿಕ್ಕಿದ್ದನ್ನು ಎಳೆಯಬಾರದು, ಹಲಗೆ ಹಾಕಬೇಕು ಎಂದು ನಮ್ಮಪ್ಪ ಹೇಳುತ್ತಿದ್ದ. ಆ ಬಯಲಲ್ಲಿ ಹಲಗೆ ಎಲ್ಲಿಂದ ತರಲಿ? ಎಳೆದೆ. ಕೆಸರಿನ ಕೈ, ಎಣ್ಣೆಯ ಸರಪಳಿ. ಅವನು ಕೊನೆಯವರೆಗೂ ನನಗೇ ಏನಾದರೂ ಆಗಿದೆಯೇನೋ ಎಂದು, “ತುಲಾ ಲಾಗಲಂ ಕಾ?”, ನಿನಗೆ ಪೆಟ್ಟಾಯಿತೇನು ಎಂದು ಕೇಳಿದ. ಕೂಗು ಕೇಳಿ ಜನ ಬರುವ ಹೊತ್ತಿಗೆ ಮೇಲೆ ಅವನ ರುಮಾಲು ಮಾತ್ರ ಉಳಿದಿತ್ತು. ಮೈ ಹೊರಗೆ ತೆಗೆಯುವುದಕ್ಕೆ ಮಧ್ಯಾಹ್ನವಾಯಿತು.

ಪಂಚನಾಮೆಗೆ ಬಂದ ಹವಾಲ್ದಾರರು ಕೆಟ್ಟವರಲ್ಲ. ನನಗೆ ನೀರು ಕುಡಿಸಿಯೇ ಪ್ರಶ್ನೆ ಕೇಳಿದರು. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಇಬ್ಬರು ಹೆಂಗಸರು ಆಗಲೇ ಹೇಳಿಕೆ ಕೊಟ್ಟಿದ್ದರು: ಕಾನಡಿ ಹುಡುಗ ಜವಳ್ ಜವಳ್ ಎಂದು ಕರೆದ, ಕಿಸನ್ ಓಡಿದ.

“ನಾನು ಕರೆದಿಲ್ಲ ಸಾಹೇಬ. ಎಚ್ಚರಿಸಿದೆ. ಅದು ನಮ್ಮ ಭಾಷೆಯ ಶಬ್ದ” ಎಂದೆ.

“ದಿನಾ ಕೆಲಸದಲ್ಲಿ ಅವನನ್ನು ಕರೆಯಲು ಏನನ್ನುತ್ತಿದ್ದೆ?”

“ಜವಳ್.”

“ಇವತ್ತು ಏನಂದೆ?”

“ಜವಳು.”

ಅವರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ. ಕನ್ನಡ ಬಲ್ಲವರು ಯಾರಾದರೂ ಇದ್ದರೆ ಕರೆತಾ, ಶಬ್ದದ ಅರ್ಥ ಬರೆದುಕೊಳ್ಳುತ್ತೇನೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಸೈಕಲ್ ಹತ್ತಿ ಪೇಟೆಗೆ ಹೋಗಿ, ಮಧ್ಯಾಹ್ನದ ಗಿರಾಕಿಗಳನ್ನು ಬಿಡಿಸಿ, ಐತಾಳರನ್ನು ಟಾಂಗಾದಲ್ಲಿ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ನಡೆದದ್ದನ್ನು ಹೇಳಿದೆ. ಕನ್ನಡದವರಿಗೆ ಆ ಶಬ್ದ ಗೊತ್ತಿರದೆ ಇರುತ್ತದೆಯೇ ಎಂದು ಅದರ ಅರ್ಥ ಮಾತ್ರ ಕೇಳಿ ನೋಡಲಿಲ್ಲ. ಅವರು ಚ್ಚು ಚ್ಚು ಎನ್ನುತ್ತ ನನ್ನ ಬೆನ್ನು ಸವರಿದರು. ಹವಾಲ್ದಾರರು ಕೇಳಿದರು: ಜವಳು ಎಂದರೆ ನಿಮ್ಮ ಭಾಷೆಯಲ್ಲಿ ಏನು?

ಐತಾಳರು ನನ್ನ ಕಡೆ ತಿರುಗಿದರು. “ಜವಳಿ ಅಂದ್ರೆ ಬಟ್ಟೆ, ಅದು ಗೊತ್ತುಂಟು. ಈ ಶಬ್ದ ನಾ ಕೇಳ್ಲಿಲ್ಲ ಮಾರಾಯ್ರೆ. ನಮ್ಮಲ್ಲಿ ಕೆಸರು ಅಂತೇವೆ. ಜೌಗು ಅಂತ ಒಂದು ಪುಸ್ತಕದಲ್ಲಿ ಓದಿದ ನೆನಪು. ಅದೇ ಇದು ಅಂತ ಹೇಳ್ಲಾ?”

“ಹೇಳ್ರಿ! ಅದೇ ಇದು. ನಿಮ್ಮ ಕಾಲಿಗೆ ಬೀಳ್ತೀನ್ರಿ.”

“ಪ್ರಮಾಣ ಮಾಡಿ ಹೇಳ್ಬೇಕಲ್ಲ. ನಂಗೆ ಗೊತ್ತಿಲ್ಲದ್ದನ್ನ ಹೇಗೆ ಹೇಳುದು?”

ಗೊತ್ತಿಲ್ಲ ಎಂದೇ ಅವರು ಹೇಳಿದರು. ಸತ್ಯವಂತರು. ಆ ಸತ್ಯಕ್ಕಾಗಿ ನಾನು ಅವರನ್ನು ಬಹಳ ಕಾಲ ಶಪಿಸಿದ್ದೇನೆ. ಹವಾಲ್ದಾರರು ಬರೆದುಕೊಂಡರು: ಸೋಬತಿಯು ಜವಳ್ ಕರೆದದ್ದರಿಂದ ಮೃತನು ಹೋದನು. ಸೋಬತಿ ಎಂದರೆ ಗೆಳೆಯ. ಕೆಳಗೆ ನನ್ನ ಸಹಿ ಹಾಕಿಸಿದರು. ಕೇಸು ಆಗಲಿಲ್ಲ, ಅಪಘಾತ ಎಂದು ಮುಗಿಯಿತು. ಆದರೆ ಕಾಗದದಲ್ಲಿ ನಾನು ಕರೆದವನಾಗಿ ಉಳಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗೆ ಆ ಮಾತು ಹೋಗಲೇ ಇಲ್ಲ. ಅವತ್ತಿನಿಂದ ನಾನು ಅದನ್ನೇ ಹಿಡಿದು ಓಣಿಯಲ್ಲಿ ಕಂಡಕಂಡವರಿಗೆ ಅರ್ಥ ಹೇಳತೊಡಗಿದೆ. ಚಹಾದಂಗಡಿಯಲ್ಲಿ, ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ. ಜವಳು ಎಂದರೆ ನಮ್ಮಲ್ಲಿ ಹೀಗೆ, ನಾನು ಬರಬೇಡ ಎಂದೇ ಹೇಳಿದ್ದು, ದೇವರಾಣೆ. ನನ್ನ ಮೇಲೆ ತಪ್ಪಿಲ್ಲ ಎಂದು ಒಬ್ಬರಾದರೂ ಹೇಳಲಿ ಎಂಬುದಷ್ಟೇ ನನಗೆ ಬೇಕಾಗಿತ್ತು. ಎರಡು ವಾರದಲ್ಲಿ ಜನ ನಂಬಿದರು. ನಂಬಿ ಏನೆಂದರು? “ಅಯ್ಯೋ, ಅವನು ಬರಬೇಡ ಅಂತ ಕೂಗುತ್ತಿದ್ದರೆ ಈ ಕಿಸನ್ ಹೋಗಿ ಬಿದ್ದನಂತೆ. ಹುಚ್ಚಪ್ಪ.” ನಲ್ಲಿಯ ಹತ್ತಿರ ಹುಡುಗರು ಅದನ್ನೇ ಆಡಿ ನಗುವುದನ್ನು ಕೇಳಿದೆ. ಒಬ್ಬ ಬೇಡ ಬೇಡ ಎಂದು ಕೂಗುವುದು, ಇನ್ನೊಬ್ಬ ಪೆದ್ದನ ಹಾಗೆ ಓಡಿ ಬಂದು ದೊಪ್ಪೆಂದು ಬೀಳುವುದು. ನನ್ನ ತಪ್ಪನ್ನು ತೊಳೆಯಲು ಹೋಗಿ ಆ ನೀರನ್ನು ಸತ್ತವನ ತಲೆಯ ಮೇಲೆ ಸುರಿದಿದ್ದೆ.

ಅಷ್ಟು ದಿನ ಮಾವಶಿ ನನ್ನೊಡನೆ ಮಾತಾಡಿರಲಿಲ್ಲ. ಆದರೂ ಭಾಕರಿ ಬಡಿದು ಖೋಲಿಯ ಹೊಸ್ತಿಲ ಮೇಲೆ ಮುಚ್ಚಿಟ್ಟು ಹೋಗುತ್ತಿದ್ದಳು. ನಾನು ಖೋಲಿ ಬಿಡುವುದೆಂದು ನಿರ್ಧರಿಸಿದೆ. ನಾಸಿಕದಲ್ಲಿ ಕೆಲಸ ಇದೆ ಎಂದು ಯಾರೋ ಹೇಳಿದ್ದರು. ಹೋಗುವ ಮುಂಚೆ ಅವಳಿಗೊಬ್ಬಳಿಗಾದರೂ ಸರಿಯಾಗಿ ತಿಳಿಸಿ ಹೋಗಬೇಕು ಎಂದುಕೊಂಡೆ. ಬೇರೆಯವರ ಬಾಯಿಯಿಂದ ಬೇಡ, ನನ್ನ ಬಾಯಿಂದಲೇ ಕೇಳಲಿ ಎಂದು. ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ. ಮಾವಶಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ನಾನು ಎದುರಿಗೆ ಕೂತು, ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅವಳೇ ಮಾತು ತೆಗೆದಳು. ಅವಳು ಆಡಿದ್ದು ಮರಾಠಿ, ಈಗ ನನಗೆ ಅದು ನೆನಪಾಗುವುದು ನನ್ನ ಮಾತಿನಲ್ಲಿ.

“ಜನ ಏನೇನೋ ಅಂತಾರ. ನೀ ಬರಬ್ಯಾಡ ಅಂದಿದ್ದ್ಯಂತ. ಅಂವ ತಿಳೀದ ಓಡಿದನಂತ. ಖರೇ ಏನು?”

ನಾನು ಬಾಯಿ ತೆರೆದೆ.

“ತಡಿ. ಪೂರಾ ಕೇಳು. ನೀ ಬರಬ್ಯಾಡ ಅಂದಾಗ ಅಂವ ಬಂದಿದ್ರ, ನನ್ನ ಮಗ ಕಣ್ಣಿಲ್ಲದ ಎತ್ತಿನಂಗ ಹೋಗಿ ಸತ್ತ. ನೀ ಕರೆದಾಗ ಬಂದಿದ್ರ, ಗೆಳ್ಯಾ ಬಿದ್ದಾನ ಅಂತ ಕೈ ಕೊಡಲಿಕ್ಕ ಬಂದ. ನನಗ ದಿನಾ ಅದೇ ಬಾಧಿ. ಎರಡರಾಗ ಯಾವುದು, ಅಷ್ಟ ಹೇಳಿ ಹೋಗು. ನೀ ಅಂವನ್ನ ಕರೆದಿದ್ದ್ಯೋ ಇಲ್ಲೋ?”

ಎರಡು ವಾರದಿಂದ ಓಣಿಗೆಲ್ಲ ಸಾರಿದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಇಲ್ಲ, ಕರೆದಿಲ್ಲ, ಜವಳು ಎಂದರೆ ಬೇರೆ. ಅದು ಸತ್ಯ. ನನ್ನ ಪಾಲಿಗೆ ಉಳಿದಿದ್ದ ಒಂದೇ ಆಸ್ತಿ ಅದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

“ಕರೆದೆ ಮಾವಶಿ” ಎಂದೆ. “ನಾ ಬಿದ್ದಿದ್ದೆ. ಅಂಜಿಕಿ ಆತು. ಜವಳ್ ಅಂತ ನಾನೇ ಕರೆದೆ.”

ಬೈಯುತ್ತಾಳೆ, ಎದ್ದು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಹೌದೆನ್ನುವಂತೆ ನಿಧಾನಕ್ಕೆ ತಲೆಯಾಡಿಸಿದಳು, ಅಷ್ಟು ದಿನ ಹಿಡಿದಿಟ್ಟ ಉಸಿರು ಬಿಟ್ಟಳು.

“ಮಗ... ಯೇಣಾರಚ್ ತೋ” ಎಂದಳು. ಹಾಗಾದರೆ, ಅವನು ಬಂದೇ ಬರುತ್ತಾನೆ ಎಂದು ಅರ್ಥ. ಮರಾಠಿಯಲ್ಲಿ ಮಗ ಎಂದರೆ ಹಾಗಾದರೆ ಎಂದಷ್ಟೇ. ಅವತ್ತು ನನ್ನ ಕಿವಿಗೆ ಅದು ಕನ್ನಡದಲ್ಲಿ ಬಿತ್ತು.